ಮುಂದಿನ ತಾರೀಕು

ಮುಂಬಯಿಯ ದೊಡ್ಡಾಸ್ಪತ್ರೆಗಳ ಹೊರಗೆ ಕೂತ ಹಳೇ ರೋಗಿಗಳು ಒಬ್ಬರನ್ನೊಬ್ಬರು ಕೇಳುವುದು ‘ಹೇಗಿದ್ದೀರಿ’ ಅಂತ ಅಲ್ಲ, ‘ತಾರೀಕು ಯಾವಾಗ’ ಅಂತ. ಊರಿನಲ್ಲಿ ತಾರೀಕು ಅಂದರೆ ಕೋರ್ಟಿನದು. ಇಲ್ಲಿಯದೂ ಹೆಚ್ಚುಕಡಿಮೆ ಅದೇ ಜಾತಿಯದು ಅನ್ನಿ. ಖಟ್ಲೆ ಮುಗಿಯುವುದಿಲ್ಲ, ಮುಂದಿನ ತಾರೀಕು ಬೀಳುತ್ತದೆ. ಸಕ್ಕರೆ ಕಾಯಿಲೆಯವನಿಗೆ ತಿಂಗಳಿಗೊಂದು, ಕೀಮೋ ತೆಗೆದುಕೊಳ್ಳುವ ಹೆಂಗಸಿಗೆ ಇಪ್ಪತ್ತೊಂದು ದಿನಕ್ಕೊಂದು, ಡಯಾಲಿಸಿಸ್‌ನವನಿಗೆ ವಾರಕ್ಕೆ ಮೂರು. ಕೇಸ್ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇಶನ್ ಕಾರ್ಡಿಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದರ ಮೂಲೆಯಲ್ಲಿ ಡಾಕ್ಟರು ಗೀಚಿದ ದಿನವೊಂದು ಇದೆ ಎಂದರೆ ಅಲ್ಲಿಯ ತನಕ ಬದುಕಿಗೆ ಒಂದು ಭರವಸೆ ಇದೆ.

ಜ್ವರ ಬಂದವನು ಆಸ್ಪತ್ರೆಗೆ ಹೋಗಿ ಬರುತ್ತಾನೆ. ಗುಣವಾಗದ ಕಾಯಿಲೆಯವನು ಆಸ್ಪತ್ರೆಯ ಜತೆ ಸಂಸಾರ ಮಾಡುತ್ತಾನೆ. ಅವನಿಗೆ ಆರೋಗ್ಯ ಎನ್ನುವುದು ಮೈಯೊಳಗಿನ ಒಂದು ಸ್ಥಿತಿಯಲ್ಲ. ಅದೊಂದು ದಾರಿ. ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿನಿಂದ ಲೋಕಲ್ಲು, ಲೋಕಲ್ಲಿನಿಂದ ಆಸ್ಪತ್ರೆಯ ಲೈನು, ಲೈನಿನಿಂದ ಔಷಧಿಯ ಕಿಟಕಿ. ಇದರಲ್ಲಿ ಎಲ್ಲಿ ತುಂಡಾದರೂ ಅವನ ಆರೋಗ್ಯ ಅಲ್ಲೇ ತುಂಡಾಯಿತು. ದೂರದ ಊರಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ನಮ್ಮದು ಎಲ್ಲವೂ ದಾರಿಯ ಮೇಲೇ ನಿಂತದ್ದು.

ಪರೇಲ್ ಒಂದು ಕಾಲಕ್ಕೆ ಗಿರಣಿಗಳ ಊರು. ಗಿರಣಿಗಳು ಮುಚ್ಚಿದ ಮೇಲೆ ಉಳಿದದ್ದು ಆಸ್ಪತ್ರೆಗಳು. 1926ರಿಂದ ಇರುವ ಕೆ.ಇ.ಎಂ., 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್, ಮಕ್ಕಳ ವಾಡಿಯಾ ಆಸ್ಪತ್ರೆ, ತುಸು ಆಚೆ ಶಿವಡಿಯಲ್ಲಿ ಕ್ಷಯರೋಗದ ಆಸ್ಪತ್ರೆ. ಟಾಟಾದ ಎದುರಿನ ಫುಟ್‌ಪಾತಿನಲ್ಲಿ ಒಂದರ್ಧ ಗಂಟೆ ನಿಂತರೆ ಬಂಗಾಳಿ, ಭೋಜಪುರಿ, ಒಡಿಯಾ ಎಲ್ಲ ಕೇಳುತ್ತದೆ. ಒಮ್ಮೊಮ್ಮೆ ವಿಜಯಪುರದ ಕಡೆಯ ‘ಯಾಕ್ರೀ, ನಂಬರ್ ಬಂತೇನ್ರೀ’ ಕೂಡ ಕಿವಿಗೆ ಬೀಳುತ್ತದೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ಸಿಗದವರು ರಸ್ತೆಯ ಬದಿಯಲ್ಲೇ ಸ್ಟೋವು ಹಚ್ಚುತ್ತಾರೆ. ಈ ಜನ ಅಲ್ಲಿ ವಾಸವಿರುವುದು ಮನೆ ಇಲ್ಲವೆಂದಲ್ಲ. ಮನೆ ಇದೆ, ಸಾವಿರ ಮೈಲಿ ದೂರದಲ್ಲಿ. ತಾರೀಕು ಮಾತ್ರ ಇಲ್ಲಿದೆ.

2020ರ ಮಾರ್ಚ್ 23ರಿಂದ ಲೋಕಲ್ ರೈಲು ನಿಂತಿತು. 25ರಿಂದ ದೇಶವೇ ಬಂದ್. ದಿನಕ್ಕೆ ಮುಕ್ಕಾಲು ಕೋಟಿಗೂ ಹೆಚ್ಚು ಜನರನ್ನು ಹೊರುತ್ತಿದ್ದ ಗಾಡಿಗಳು ಯಾರ್ಡಿನಲ್ಲಿ ಸಾಲಾಗಿ ನಿಂತವು. ಯುದ್ಧಕ್ಕೂ ಮಳೆಗೂ ಬಾಂಬಿಗೂ ಒಂದೆರಡು ದಿನಕ್ಕಿಂತ ಹೆಚ್ಚು ನಿಂತು ಗೊತ್ತಿಲ್ಲದ ಲೋಕಲ್ಲು ತಿಂಗಳುಗಟ್ಟಲೆ ನಿಂತದ್ದನ್ನು ನೋಡಿ ಹಳಬರಿಗೇ ದಿಗಿಲಾಯಿತು. ಟಾಟಾಕ್ಕೆ ಬಂದಿದ್ದ ಪರವೂರಿನ ರೋಗಿಗಳು ಊರಿಗೂ ಹೋಗಲಾಗದೆ, ಇಲ್ಲಿಯೂ ನೆಲೆಯಿಲ್ಲದೆ ಹಿಂದ್‌ಮಾತಾ ಫ್ಲೈಓವರಿನ ಅಡಿಯಲ್ಲಿ ಸಿಕ್ಕಿಬಿದ್ದರು. ಏಪ್ರಿಲಿನಲ್ಲಿ ನಾಯರ್ ಆಸ್ಪತ್ರೆಯನ್ನು ಪೂರ್ತಿ ಕೋವಿಡ್‌ಗೆಂದೇ ಮೀಸಲಿಟ್ಟರು. ಅಲ್ಲಿಗೆ ವರ್ಷಗಟ್ಟಲೆಯಿಂದ ಹೋಗುತ್ತಿದ್ದ ಬೇರೆ ರೋಗಿಗಳಿಗೆ ಬೇರೆ ದಾರಿ ನೋಡಿಕೊಳ್ಳಿ ಅಂತ ಆಯಿತು. ಎಲ್ಲ ಕಡೆ ಒಂದೇ ಮಾತು: ತುರ್ತು ಇಲ್ಲದ್ದನ್ನು ಮುಂದಕ್ಕೆ ಹಾಕಿ.

ಈ ಮಾತು ಆಡಿದವರನ್ನು ಕಟುಕರು ಅನ್ನಲು ನನಗೆ ಮನಸ್ಸಿಲ್ಲ. ಆ ದಿನಗಳನ್ನು ನೆನಪಿಸಿಕೊಳ್ಳಿ. ನರ್ಸುಗಳಿಗೆ ತೊಡಲು ಸರಿಯಾದ ಗೌನಿಲ್ಲ, ಮಾಸ್ಕಿಲ್ಲ. ಒಂದು ವಾರ್ಡಿನಲ್ಲಿ ಒಬ್ಬರಿಗೆ ಬಂದರೆ ಇಡೀ ಆಸ್ಪತ್ರೆಗೆ ಸೀಲು. ರೋಗ ಏನು, ಎಷ್ಟು ದಿನ, ಯಾರನ್ನು ಕೊಲ್ಲುತ್ತದೆ ಎಂದು ಯಾರಿಗೂ ತಿಳಿಯದು. ಕಿಡ್ನಿ ಹೋದವನು, ಕೀಮೋದಲ್ಲಿರುವವಳು ಆಸ್ಪತ್ರೆಗೆ ಬಂದರೆ ಅಲ್ಲೇ ಸೋಂಕು ತಗುಲಿ ಸತ್ತಾರು ಎಂಬ ಭಯವೂ ಸುಳ್ಳಲ್ಲ. ಹೀಗಾಗಿ ‘ಸ್ವಲ್ಪ ದಿನ ತಡೀರಿ’ ಎನ್ನುವುದು ಮೇಲ್ನೋಟಕ್ಕೆ ನ್ಯಾಯದ ಮಾತೇ. ಆದರೆ ಆ ‘ಸ್ವಲ್ಪ ದಿನ’ ಯಾರ ಮೈಯಲ್ಲಿ ಎಷ್ಟು ದಿನ ಎಂದು ಕೇಳಿದವರು ಕಡಿಮೆ.

ನಮ್ಮ ಬಿಲ್ಡಿಂಗಿನ ಕೆಳಮಾಳಿಗೆಯಲ್ಲಿ ಕುಂದಾಪುರದ ಕಡೆಯ ಒಬ್ಬರಿದ್ದರು. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ನಾಲ್ಕು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಮುಂಗೈಯಲ್ಲಿ ರಕ್ತನಾಳ ಜೋಡಿಸಿದ ಕಡೆ ಬೆರಳಿಟ್ಟರೆ ಜುಮ್ ಎಂದು ನಡುಗುತ್ತಿತ್ತು. ‘ನೋಡಿ, ಮೋಟಾರು ನಡೀತಾ ಉಂಟು’ ಅಂತ ಮಕ್ಕಳಿಗೆ ಮುಟ್ಟಿಸಿ ನಗುತ್ತಿದ್ದರು. ಊರಿನಿಂದ ಯಾರಾದರೂ ಎಳನೀರು ತಂದರೆ ಅದನ್ನು ನೋಡುವುದು ಮಾತ್ರ, ಕುಡಿಯುವ ಹಾಗಿಲ್ಲ; ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುತ್ತದೆ. ನೀರನ್ನೂ ಅಳೆದು ಕುಡಿಯಬೇಕು, ಹೆಚ್ಚಾದದ್ದು ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇಂಥವರಿಗೆ ಎರಡು ತಾರೀಕು ತಪ್ಪಿದರೆ ಅದು ವಿಳಂಬವಲ್ಲ, ವಿಷ.

ಏಪ್ರಿಲ್ ಕೊನೆಯಲ್ಲಿ ಅವರ ಸೆಂಟರಿನಲ್ಲಿ ಒಬ್ಬ ರೋಗಿಗೆ ಕೋವಿಡ್ ಬಂತೆಂದು ಬಾಗಿಲು ಹಾಕಿದರು. ಬೇರೆ ಕಡೆ ಹೋದರೆ ಮೊದಲು ಟೆಸ್ಟಿನ ರಿಪೋರ್ಟು ತನ್ನಿ ಅಂದರು. ಸರಿ, ಕೊಟ್ಟಾಯಿತು. ರಿಪೋರ್ಟು ಬರಲು ಎರಡು ದಿನ. ದಿನ ಬಿಟ್ಟು ದಿನ ಡಯಾಲಿಸಿಸ್ ಬೇಕಾದವನಿಗೆ ಎರಡು ದಿನದ ರಿಪೋರ್ಟು! ಈ ಲೆಕ್ಕ ಹೊಂದುವುದಿಲ್ಲ ಅಂತ ಎರಡನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ನಿಯಮ ಬರೆದವರು ಕೆಟ್ಟವರೆಂದಲ್ಲ. ಬರೆಯುವಾಗ ಅವರ ಕಣ್ಣೆದುರಿಗೆ ಇಂಥ ಮನುಷ್ಯನೊಬ್ಬ ಇರಲಿಲ್ಲ. ಅಂತೂ ಕೈಕಾಲು ಹಿಡಿದು ವಾರಕ್ಕೆ ಎರಡು ಸಲದ ಜಾಗ ಸಿಕ್ಕಿತು, ಅದೂ ಹದಿನೆಂಟು ಕಿಲೋಮೀಟರ್ ದೂರದಲ್ಲಿ. ರೈಲಿಲ್ಲ. ಟ್ಯಾಕ್ಸಿಯವ ಬಾಯಿಗೆ ಬಂದಷ್ಟು ಕೇಳುತ್ತಿದ್ದ. ‘ಇವ್ರು ನೀರು ಕುಡಿಯೂದೇ ಬಿಟ್ಟಿದ್ರ್, ಮಾಷ್ಟ್ರೆ’ ಅಂತ ಅವರ ಹೆಂಡತಿ ಮೆಟ್ಟಿಲಲ್ಲಿ ನಿಂತು ಹೇಳಿದರು. ‘ನಾಲಿಗೆ ಒಣಗಿರೆ ಒಂದ್ ಚೂರ್ ಐಸ್ ಚೀಪ್ತ್ರ್.’

ಜೂನ್ ಎರಡನೇ ವಾರ ಒಂದು ಬೆಳಗಿನ ಜಾವ ಉಸಿರು ಕಟ್ಟಿ ಹೋದರು. ಸರ್ಟಿಫಿಕೇಟಿನಲ್ಲಿ ಹೃದಯ ಸ್ತಂಭನ, ದೀರ್ಘಕಾಲದ ಕಿಡ್ನಿ ವೈಫಲ್ಯ ಎಂದಿತ್ತು. ಸುಳ್ಳೇನೂ ಅಲ್ಲ. ಅಂದು ಸಂಜೆ ಟಿ.ವಿ.ಯಲ್ಲಿ ಮುಂಬಯಿಯ ಅಂದಿನ ಸಾವುಗಳ ಸಂಖ್ಯೆ ಬಂತು. ಅದರಲ್ಲಿ ಇವರಿಲ್ಲ. ಗಲ್ಲಾದಲ್ಲಿ ಕೂತವರಾದ್ದರಿಂದ ಅವರಿಗೆ ಪ್ರತಿ ಪೈಸೆಯನ್ನೂ ಯಾವ ಖಾತೆಗೆ ಬರೆಯಬೇಕೆಂಬ ನಿಷ್ಠುರ ಇತ್ತು. ಅವರ ಸಾವನ್ನು ಯಾವ ಖಾತೆಗೆ ಬರೆಯೋಣ? ಕಾಯಿಲೆಯ ಖಾತೆಗೋ? ಆ ಕಾಯಿಲೆ ನಾಲ್ಕು ವರ್ಷದಿಂದ ಇತ್ತು, ಅವರೂ ಇದ್ದರು. ಸಾಂಕ್ರಾಮಿಕದ ಖಾತೆಗೋ? ಆ ವೈರಸ್ಸು ಅವರ ಮೈಯನ್ನು ಮುಟ್ಟಲೇ ಇಲ್ಲ.

ಇಂಥ ಸಾವು ನಮ್ಮ ಬಿಲ್ಡಿಂಗಿನದೊಂದೇ ಅಲ್ಲ. ರಾಜಸ್ಥಾನದಲ್ಲಿ ಸರಕಾರಿ ವಿಮೆಯ ಡಯಾಲಿಸಿಸ್ ರೋಗಿಗಳನ್ನು ಫೋನಿನಲ್ಲಿ ಮಾತಾಡಿಸಿ ರಾಧಿಕಾ ಜೈನ್ ಮತ್ತು ಪಾಸ್ಕಲೀನ್ ದೂಪಾ ಎಂಬ ಸಂಶೋಧಕರು ನಡೆಸಿದ ಅಧ್ಯಯನ ಇದೆ. ನೂರಕ್ಕೆ ಅರವತ್ತಕ್ಕೂ ಹೆಚ್ಚು ರೋಗಿಗಳಿಗೆ ಲಾಕ್‌ಡೌನಿನಲ್ಲಿ ಡಯಾಲಿಸಿಸ್‌ಗೆ ಅಡ್ಡಿಯಾಗಿತ್ತು, 2020ರ ಮೇ ತಿಂಗಳಿಗಾಗುವಾಗ ಸಾವಿನ ಪ್ರಮಾಣ ಏರಿತ್ತು. ಕ್ಯಾನ್ಸರಿನದೂ ಅದೇ ಕಥೆ. ದೇಶದ 41 ಆಸ್ಪತ್ರೆಗಳ ಲೆಕ್ಕ ತೆಗೆದಾಗ, 2020ರ ಮಾರ್ಚ್‌ನಿಂದ ಮೇ ತನಕ ಹೊಸದಾಗಿ ಹೆಸರು ಬರೆಸಿದ ರೋಗಿಗಳ ಸಂಖ್ಯೆ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 54 ಕಡಿಮೆ. ಕ್ಷಯರೋಗದಲ್ಲಿ 2019ರಲ್ಲಿ ದೇಶದಲ್ಲಿ 24 ಲಕ್ಷ ಮಂದಿಯ ಹೆಸರು ದಾಖಲಾಗಿತ್ತು, 2020ರಲ್ಲಿ 18 ಲಕ್ಷ. ಕ್ಯಾನ್ಸರೂ ಕ್ಷಯವೂ ಆ ವರ್ಷ ರಜೆ ಹಾಕಿದ್ದವೇ? ಕಾಯಿಲೆ ಬಂದಿತ್ತು, ಕಾಯಿಲೆಯವರು ಬರಲಿಲ್ಲ.

ಇಲ್ಲೇ ನನಗೆ ಕಾಡುವ ಪ್ರಶ್ನೆ. ಸೌಲಭ್ಯ ಕಡಿಮೆ ಇದ್ದಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಆಯ್ಕೆ ವೈದ್ಯರಿಗೆ ಹೊಸತಲ್ಲ. ನೆಪೋಲಿಯನ್ನನ ಸೈನ್ಯದಲ್ಲಿದ್ದ ಲಾರೆ ಎಂಬ ಸರ್ಜನ್, ರಣರಂಗದಲ್ಲಿ ಗಾಯಾಳುಗಳನ್ನು ಪದವಿ ನೋಡಿ ಅಲ್ಲ, ಗಾಯ ನೋಡಿ ಆರಿಸಬೇಕೆಂದು ನಿಯಮ ಮಾಡಿದ. ಕರ್ನಲ್ಲನ ಸಣ್ಣ ಗಾಯ ಕಾಯಲಿ, ಸಿಪಾಯಿಯ ದೊಡ್ಡ ಗಾಯ ಮೊದಲು. ಇದು ಕಠಿಣ ನಿಯಮ, ಆದರೆ ಗೌರವದ್ದು. ಯಾಕೆಂದರೆ ‘ನೀನು ತಡಿ’ ಎಂದು ಹೇಳಿಸಿಕೊಂಡವನ ಗಾಯವನ್ನೂ ಒಬ್ಬ ಬಗ್ಗಿ ನೋಡಿದ್ದಾನೆ. 2020ರಲ್ಲಿ ಇಲ್ಲಿ ಆದದ್ದು ಅದಲ್ಲ. ನಮ್ಮ ಕೆಳಮಾಳಿಗೆಯವರನ್ನು ನೋಡಿ, ತೂಗಿ, ‘ನಿಮ್ಮದು ಅಷ್ಟು ತುರ್ತಲ್ಲ’ ಅಂತ ಯಾವ ಡಾಕ್ಟರೂ ತೀರ್ಮಾನಿಸಲಿಲ್ಲ. ಅವರನ್ನು ಯಾರೂ ನೋಡಲೇ ಇಲ್ಲ. ಆರಿಸಿದ್ದು ವೈದ್ಯರಲ್ಲ, ರೈಲು. ಸ್ವಂತ ಕಾರಿದ್ದವನ ತಾರೀಕು ಉಳಿಯಿತು, ಪಾಸಿನ ಮೇಲೆ ಓಡಾಡುವವನ ತಾರೀಕು ಹೋಯಿತು. ದಕ್ಷಿಣ ಮುಂಬಯಿಯ ಹೆಂಗಸು ಆಸ್ಪತ್ರೆಗೆ ನಡೆದು ಹೋದಳು, ವಿರಾರಿನವಳಿಗೆ ಚರ್ಚ್‌ಗೇಟ್ 60 ಕಿಲೋಮೀಟರ್. ಇಬ್ಬರ ಗಡ್ಡೆಯೂ ಒಂದೇ ಅಳತೆಯದಿದ್ದೀತು.

ಕಾಯಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಡ್ಡು ನೂರು, ಜನ ಸಾವಿರ ಇದ್ದಾಗ ಒಂಬೈನೂರು ಮಂದಿ ಕಾಯಲೇಬೇಕು. ಇದರಲ್ಲಿ ನೀತಿಶಾಸ್ತ್ರ ಹೆಚ್ಚೇನೂ ಮಾಡಲಾರದು. ನೋಡದೆ ಕಾಯಿಸುವುದಿದೆಯಲ್ಲ, ಅದರ ಬಗ್ಗೆ ನನ್ನ ತಕರಾರು. ಒಬ್ಬನ ಸರದಿಯನ್ನು ಇನ್ನೊಬ್ಬನ ಸಲುವಾಗಿ ಮುಂದಕ್ಕೆ ಹಾಕುವ ಅಧಿಕಾರ ಸಮಾಜಕ್ಕಿದೆ ಎಂದೇ ಒಪ್ಪೋಣ. ಆಗ ಮುಂದಕ್ಕೆ ಹಾಕಿಸಿಕೊಂಡವನ ಸ್ಥಿತಿ ಏನು, ಅವನು ಎಷ್ಟು ದಿನ ತಾಳಬಲ್ಲ, ಮುಂದಿನ ತಾರೀಕು ಯಾವುದು ಎಂದು ಕೇಳುವ ಹೊಣೆಯೂ ಅದೇ ಸಮಾಜದ್ದು. ಮುಂದಿನ ತಾರೀಕು ಕೊಡದೆ ಮುಂದೂಡಿದರೆ ಅದಕ್ಕೆ ಬೇರೆ ಹೆಸರಿದೆ.

ನೋಡಿ ತೀರ್ಮಾನಿಸಿದವರೂ ಇದ್ದರು ಅನ್ನುವುದನ್ನು ಹೇಳಬೇಕು. ಟಾಟಾ ಮೆಮೋರಿಯಲ್‌ನ ಡಾ. ಸಿ.ಎಸ್. ಪ್ರಮೇಶ್ ಮತ್ತು ಡಾ. ರಾಜೇಂದ್ರ ಬಡ್ವೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ತಾವು ಕ್ಯಾನ್ಸರ್ ಚಿಕಿತ್ಸೆ ನಿಲ್ಲಿಸುವುದಿಲ್ಲ ಯಾಕೆ ಎಂದು ಬರೆದರು. ಹೊರದೇಶಗಳಲ್ಲಿ ಆಪರೇಶನ್ ಮುಂದೂಡಿ ಎಂಬ ಸಲಹೆ ಜೋರಾಗಿದ್ದ ಕಾಲ ಅದು. ಅಲ್ಲಿ ಮಾರ್ಚ್ 23ರಿಂದ ಏಪ್ರಿಲ್ 30ರ ಒಳಗೆ, ನಗರ ಪೂರ್ತಿ ಮುಚ್ಚಿದ್ದಾಗ, ಮೊದಲೇ ಗೊತ್ತುಮಾಡಿದ 494 ಕ್ಯಾನ್ಸರ್ ಆಪರೇಶನ್‌ಗಳಾದವು. ಆಪರೇಶನ್ನಿನ ನಂತರ ಒಬ್ಬರೂ ಸಾಯಲಿಲ್ಲ ಎಂದು ಆಮೇಲೆ ಪ್ರಕಟಿಸಿದರು. ಎಲ್ಲವನ್ನೂ ಮಾಡಿದರು ಅಂತಲ್ಲ. ಯಾರದ್ದು ಕಾಯಬಹುದು, ಯಾರದ್ದು ಕಾಯಲಾರದು ಅಂತ ಒಬ್ಬೊಬ್ಬರನ್ನೇ ನೋಡಿದರು. ಅಷ್ಟಾಗಿಯೂ ಬಾಗಿಲ ತನಕ ಬರಲಾರದವರನ್ನು ಬಾಗಿಲು ತೆರೆದಿಟ್ಟ ಆಸ್ಪತ್ರೆಯೂ ಏನು ಮಾಡೀತು?

ಊರಿನ ಓದುಗರಿಗೆ ಇನ್ನೊಂದು ವಿಷಯ ಹೇಳದೆ ಈ ಮಾತು ಪೂರ್ತಿಯಾಗದು, ಸ್ವಲ್ಪ ಕಹಿಯಾದರೂ. ಇದೆಲ್ಲ ಮುಂಬಯಿಯಂಥ ರಾಕ್ಷಸ ನಗರದ ಪಾಡು ಅಂತ ನೀವು ಅಂದುಕೊಂಡರೆ ತಲಪಾಡಿಯನ್ನು ನೆನಪಿಸಿಕೊಳ್ಳಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರಕಾರ ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು, ಕೆಲವು ಕಡೆ ಮಣ್ಣು ಸುರಿದು. ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಆ ಕಡೆಯ ಕನ್ನಡಿಗರು, ತುಳುವರು, ಮಲಯಾಳಿಗಳು, ಬ್ಯಾರಿಗಳು ಯಾರೇ ಇರಲಿ, ಹೃದಯಕ್ಕೂ ಕಿಡ್ನಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದವರು. ತಮ್ಮದೇ ಜಿಲ್ಲೆಯಲ್ಲಿ ನಡೆಯುತ್ತಿರುವ ಮೆಡಿಕಲ್ ಕಾಲೇಜು ಆಸ್ಪತ್ರೆ ಅವರಿಗೆ ಆಗ ಇರಲಿಲ್ಲ. ಗಡಿಯಲ್ಲಿ ಆಂಬುಲೆನ್ಸ್ ತಿರುಗಿಸಿದ್ದು, ರೋಗಿಗಳು ದಾರಿಯಲ್ಲೇ ತೀರಿಕೊಂಡದ್ದು ಆ ದಿನಗಳ ಪತ್ರಿಕೆಗಳಲ್ಲಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಿತು. ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ರಂದು ಎರಡೂ ರಾಜ್ಯಗಳು ಒಪ್ಪಿದ ವ್ಯವಸ್ಥೆಯೊಂದು ಆಯಿತು: ತಲಪಾಡಿಯಲ್ಲಿ ವೈದ್ಯರ ತಂಡ ರೋಗಿಯನ್ನು ನೋಡಿ ಬಿಡಬೇಕು. ಅದೂ ಕಿರಿಕಿರಿಯದೇ. ಆದರೂ ಮಣ್ಣಿನ ದಿಬ್ಬಕ್ಕೂ ಅದಕ್ಕೂ ವ್ಯತ್ಯಾಸವಿದೆ. ದಿಬ್ಬಕ್ಕೆ ಕಣ್ಣಿಲ್ಲ.

ಇದಕ್ಕೆ ಉತ್ತರವಾಗಿ ಒಂದು ಮಾತು ಬರುತ್ತದೆ, ನನ್ನ ಬಂಧುಗಳೇ ಫೋನಿನಲ್ಲಿ ಹೇಳಿದ್ದಾರೆ: ‘ನಮ್ಮ ಆಸ್ಪತ್ರೆ, ನಮ್ಮ ಬೆಡ್ಡು, ಮೊದಲು ನಮ್ಮವರನ್ನು ನೋಡ್ಬೇಕಲ್ವಾ?’ ಆ ಹೆದರಿಕೆಯಲ್ಲೂ ಸತ್ಯವಿದೆ. ಆಗ ಕಾಸರಗೋಡಿನಲ್ಲಿ ಸೋಂಕು ಜಾಸ್ತಿ ಇತ್ತು. ಮಂಗಳೂರಿನಲ್ಲೂ ಮುದುಕರಿದ್ದಾರೆ, ಕಿಡ್ನಿ ರೋಗಿಗಳಿದ್ದಾರೆ. ಆದರೆ ಆಸ್ಪತ್ರೆ ಎನ್ನುವುದು ಬಾವಿಯ ಹಾಗೆ ಒಂದು ಮನೆತನದ ಆಸ್ತಿಯೇ? ಮಂಗಳೂರಿನ ಆಸ್ಪತ್ರೆಗಳು ಅಷ್ಟು ದೊಡ್ಡದಾಗಿ ಬೆಳೆದದ್ದರಲ್ಲಿ ಗಡಿಯಾಚೆಯ ರೋಗಿಗಳ ಪಾಲೂ ಇದೆ. ಇದೇ ತರ್ಕವನ್ನು ಮುಂಬಯಿ ಹಿಡಿದರೆ ಏನಾದೀತು ಯೋಚಿಸಿ. ಟಾಟಾ ಆಸ್ಪತ್ರೆ ನಮ್ಮ ನೆಲದ್ದು, ಕಲಬುರಗಿಯವರು ಆಮೇಲೆ ಬನ್ನಿ ಅಂತ ಹೇಳಿದ್ದರೆ ನಮಗೆ ಎಷ್ಟು ಸಿಟ್ಟು ಬರುತ್ತಿತ್ತು! ಊರು ಬಿಟ್ಟು ಬಂದವರಿಗೆ ಈ ‘ನಮ್ಮವರು’ ಎಂಬ ಶಬ್ದದ ಎರಡೂ ಅಂಚು ಗೊತ್ತು. ಇಲ್ಲಿ ಅದು ನಮ್ಮನ್ನು ಹೊರಗಿಡಲು ಬಳಕೆಯಾದದ್ದುಂಟು.

ಅಲ್ಲೂ ಆಯಿತು. ಮೇ ತಿಂಗಳಲ್ಲಿ ಕೆಳಮಾಳಿಗೆಯವರು ಊರಿಗೇ ಹೋಗೋಣವೆಂದು ಹೊರಟಿದ್ದರು. ಈಗ ಊರ ಕಡೆ ತಾಲೂಕು ಆಸ್ಪತ್ರೆಯಲ್ಲೂ ಡಯಾಲಿಸಿಸ್ ಇದೆಯಲ್ಲ. ಮಗ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ. ಅಷ್ಟರಲ್ಲಿ ಉಡುಪಿಯಲ್ಲಿ, ಮಂಡ್ಯದಲ್ಲಿ ಮುಂಬಯಿಯಿಂದ ಹೋದವರಲ್ಲಿ ಸೋಂಕು ಕಾಣಿಸಿಕೊಂಡು ಗಲಾಟೆ. ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲ ಎಂದು ಕರ್ನಾಟಕ ಪ್ರಕಟಿಸಿತು. ನಿಪ್ಪಾಣಿಯ ಹತ್ತಿರ ಕೊಗನೊಳಿಯ ನಾಕಾ ದಾಟಿದರೂ ಶಾಲೆಯ ಕೋಣೆಯಲ್ಲಿ ಕ್ವಾರಂಟೈನ್. ಅಲ್ಲಿ ಕೂತವನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್ ಮಾಡಿಸುವವರು ಯಾರು? ‘ಊರಿಗೂ ಬೇಡಾಯ್ತ್ ನಾವ್’ ಅಂದರು ಅವರು. ಸಿಟ್ಟಿನಿಂದಲ್ಲ, ಬಿಲ್ಲಿನ ಮೊತ್ತ ಓದಿ ಹೇಳುವ ದನಿಯಲ್ಲಿ. ಉಡುಪಿಯಂಥ ಸಣ್ಣ ಜಿಲ್ಲೆ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಬರುವವರಲ್ಲಿ ರೋಗ ತರುವವನೂ ಇದ್ದಾನೆ, ರೋಗದಿಂದ ಓಡಿ ಬರುವವನೂ ಇದ್ದಾನೆ, ಒಬ್ಬನೇ ಎರಡೂ ಆಗಿರಬಹುದು. ಅರ್ಜಿಯ ನಮೂನೆಯಲ್ಲಿ ಒಂದು ಗೆರೆ ಸಾಕಿತ್ತು: ನಿಮಗೆ ತಪ್ಪಿಸಲಾಗದ ಚಿಕಿತ್ಸೆ ಇದೆಯೇ, ಮುಂದಿನದು ಯಾವ ದಿನ? ಉತ್ತರ ನೋಡಿ ಆಮೇಲೆ ಬೇಡ ಅಂದಿದ್ದರೂ ಅದು ಒಂದು ತೀರ್ಮಾನವಾಗುತ್ತಿತ್ತು.

ಈ ನಿಯಮಗಳಿಗೆಲ್ಲ ಆಧಾರವಾಗಿ ಎತ್ತಿಕೊಂಡ ಕಾನೂನುಗಳಲ್ಲಿ ಒಂದು 1897ರದು, ಮುಂಬಯಿಯ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ್ದು. ಒಂದು ಹಾಳೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಸರಕಾರ ಏನೇನು ತಡೆಯಬಹುದು ಅಂತ ಅದರಲ್ಲಿತ್ತು, ತಡೆಯಲ್ಪಟ್ಟವನಿಗೆ ಏನು ಕೊಡಬೇಕು ಎನ್ನುವುದು ಇರಲಿಲ್ಲ.

ಜೂನ್ 15ರಿಂದ ಲೋಕಲ್ ಮತ್ತೆ ಓಡಿತು, ಅಗತ್ಯ ಸೇವೆಯ ನೌಕರರಿಗೆ ಮಾತ್ರ. ಡಯಾಲಿಸಿಸ್ ಮಷೀನು ನಡೆಸುವ ನರ್ಸಮ್ಮ ರೈಲಿನಲ್ಲಿ ಬರಬಹುದು, ಆ ಮಷೀನಿಗೆ ಕೈ ಕೊಡಬೇಕಾದ ರೋಗಿ ಬರುವ ಹಾಗಿಲ್ಲ. ಸೇವೆ ಅಗತ್ಯದ್ದು, ಅದನ್ನು ಪಡೆಯುವವನು ಅಗತ್ಯದ ಪಟ್ಟಿಯಲ್ಲಿಲ್ಲ. ಇದರಲ್ಲಿ ದುರುದ್ದೇಶ ಹುಡುಕಿದರೆ ಸಿಗಲಾರದು. ಸೆಪ್ಟೆಂಬರಿನಲ್ಲಿ ಅಂಗವಿಕಲರಿಗೆ ಮತ್ತು ಕ್ಯಾನ್ಸರ್ ರೋಗಿಗಳಿಗೆ ಬಿಟ್ಟರು. ಇವರಿಬ್ಬರಿಗೆ ಲೋಕಲ್ಲಿನಲ್ಲಿ ಮೊದಲಿನಿಂದಲೂ ಒಂದು ಡಬ್ಬಿ ಇದ್ದದ್ದರಿಂದ ಅವರ ನೆನಪು ಬಂದಿರಬೇಕು. ಡಬ್ಬಿ ಇಲ್ಲದ ಕಾಯಿಲೆಗಳು ನೆನಪಾಗುವುದು ಕಷ್ಟ.

ಎರಡನೇ ಅಲೆ ಬಂದು 2021ರ ಏಪ್ರಿಲ್ 22ರಿಂದ ಸಾಮಾನ್ಯರಿಗೆ ಲೋಕಲ್ ಪುನಃ ಬಂದ್ ಆಯಿತು. ಆ ಸಲದ ಮಹಾರಾಷ್ಟ್ರ ಸರಕಾರದ ಆದೇಶದಲ್ಲಿ, ಸರಕಾರಿ ನೌಕರರು, ಆಸ್ಪತ್ರೆಯ ಸಿಬ್ಬಂದಿ ಇತ್ಯಾದಿಗಳ ಕೆಳಗೆ, ಚಿಕಿತ್ಸೆ ಬೇಕಾದ ಯಾವುದೇ ವ್ಯಕ್ತಿ ಮತ್ತು ಅವರ ಜತೆಗೆ ಒಬ್ಬರು ಪ್ರಯಾಣ ಮಾಡಬಹುದು ಎಂಬ ಒಂದು ಸಾಲು ಸೇರಿತ್ತು. ಜತೆಗೊಬ್ಬರು ಎನ್ನುವುದನ್ನೂ ಮರೆತಿರಲಿಲ್ಲ. ನಾಲ್ಕು ತಾಸು ಮಷೀನಿಗೆ ಸಿಕ್ಕಿಸಿಕೊಂಡು ಎದ್ದವನಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಒಂದು ಹೆಗಲು ಬೇಕೆಂದು ಯಾರೋ ಗಮನಿಸಿದ್ದರು. ಕೆಳಮಾಳಿಗೆಯವರು ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು.